ಹುಚ್ಚಮ್ಮನ ಜೊಸೆಕಿ

ಹುಚ್ಚಮ್ಮ ಆರು ವರ್ಷದಿಂದ ಎದುರಾಳಿಯಿಲ್ಲದೆ ಗೋ ಎಂಬ ಹಲಗೆಯಾಟ ಆಡುತ್ತಿದ್ದಳು. ನಗಬೇಡಿ. ಬಲಗೈಗೆ ಕಪ್ಪು ಕಾಯಿ, ಎಡಗೈಗೆ ಬಿಳುಪು. ಕಪ್ಪಿಗೆ ಸಿಪ್ಪೆ ಸಮೇತ ಒಣಗಿದ ಚೆರಿ ಕಾಫಿ, ಬಿಳುಪಿಗೆ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಬೀಜ. ಹಲಗೆಯೆಂದರೆ ಪ್ಲೈವುಡ್ ತುಂಡಿನ ಮೇಲೆ ಉದ್ದಕ್ಕೆ ಹತ್ತೊಂಬತ್ತು, ಅಡ್ಡಕ್ಕೆ ಹತ್ತೊಂಬತ್ತು ಗೆರೆ. ಗೆದ್ದರೂ ತಾನೇ, ಸೋತರೂ ತಾನೇ. ಅಂಥ ಗೆಲುವಿಗಿಷ್ಟು ಬೆಂಕಿ ಬೀಳ ಎಂದು ಎಷ್ಟೋ ಸಲ ಬೀಜಗಳನ್ನೆಲ್ಲ ಡಬ್ಬಿಗೆ ಬಾಚಿ ಹಾಕಿ ಎದ್ದುಬಿಡುತ್ತಿದ್ದಳು.

ಈ ಗೀಳು ಹತ್ತಿಸಿದವನು ಜಪಾನಿನ ಒಬ್ಬ ಮುದುಕ. ಕಾಫಿ ಕೊಳ್ಳಲು ಮಾದಾಪುರದ ಎಸ್ಟೇಟಿಗೆ ಬಂದವನು ಕಾಲು ಉಳುಕಿಸಿಕೊಂಡು ಒಂದು ತಿಂಗಳು ಬಂಗಲೆಯಲ್ಲೇ ಮಲಗಿದ. ಅಲ್ಲಿ ಅಡುಗೆಗೆ ಹುಚ್ಚಮ್ಮ. ಅವನ ಮಾತು ಇವಳಿಗೆ ತಿಳಿಯದು, ಇವಳದು ಅವನಿಗೆ ತಿಳಿಯದು. ಬೇಸರ ತಾಳಲಾರದೆ ಅವನು ಅವಳನ್ನೇ ಎದುರು ಕೂರಿಸಿಕೊಂಡು ಸನ್ನೆಯಲ್ಲಿ ಆಟ ಕಲಿಸಿದ. ಎದುರಿನವರ ಕಾಯಿಯನ್ನು ಸುತ್ತುಗಟ್ಟಿದರೆ ಅದು ಸತ್ತಂತೆ, ಹೆಚ್ಚು ಜಾಗಕ್ಕೆ ಬೇಲಿ ಹಾಕಿದವರು ಗೆದ್ದಂತೆ. ಹೊರಡುವಾಗ ಅವಳ ಕೈಗೊಂದು ಪುಸ್ತಕ ಕೊಟ್ಟು, "ಜೊಸೆಕಿ" ಎಂದ. ಆಟ ಶುರುವಾಗುವುದು ಹಲಗೆಯ ಮೂಲೆಗಳಲ್ಲಿ. ಅಲ್ಲಿ ಇಬ್ಬರಿಗೂ ಸಮಪಾಲು ಬರುವಂತೆ ಹಿಂದಿನವರು ಆಡಿ ಆಡಿ ಗಟ್ಟಿ ಮಾಡಿಟ್ಟ ನಡೆಗಳ ಸಾಲಿಗೆ ಆ ಹೆಸರು.

ಪುಸ್ತಕ ಪೂರ್ತಿ ಜಪಾನಿ. ಕನ್ನಡವನ್ನೇ ಓದಲು ಬಾರದ ಹುಚ್ಚಮ್ಮನಿಗೆ ಅದೇನು ಮಹಾ! ಅಂಕಿ ಬರುತ್ತಿತ್ತು. ಅಡುಗೆಗೆ ಸೇರುವ ಮುಂಚೆ ಮೂವತ್ತು ವರ್ಷ ಕಾಫಿ ಹಣ್ಣು ಕೊಯ್ಯುವ ಪಿಕಿಂಗಿನಲ್ಲಿ ತಕ್ಕಡಿಯ ಮುಂದೆ ನಿಂತು ಒಂದು ಕಿಲೋ ಕೂಡ ಮೋಸ ಹೋಗದ ಹೆಂಗಸು. ಚಿತ್ರದಲ್ಲಿ ಪ್ರತಿ ಕಾಯಿಯ ಮೇಲೂ ಅಂಕಿಯಿತ್ತು. ಒಂದು, ಎರಡು, ಮೂರು ಎಂದು ಬೀಜ ಇಡುತ್ತ ಹೋದರಾಯಿತು. ಪುಟಕ್ಕೆರಡು ಚಿತ್ರ, ಮೇಲೊಂದು, ಕೆಳಗೊಂದು. ಒಂದನ್ನೂ ಬಿಡದೆ ಎಲ್ಲವನ್ನೂ ಕರಗತ ಮಾಡಿಕೊಂಡಳು.

ಮಡಿಕೇರಿಯಲ್ಲಿ ಭಾನುವಾರಗಳಂದು ಗೋ ಆಡುವ ಗುಂಪಿದೆ ಎಂಬ ಸುದ್ದಿ ತಂದವಳು ಸೊಸೆ ವೀಣಾ. ಮೈಸೂರಿನ ಪಂದ್ಯಕ್ಕೆ ಐದು ಜನರ ತಂಡ ಹೋಗಬೇಕು, ನಾಲ್ವರು ಆಗಿದ್ದಾರೆ, ಐದನೆಯ ಜಾಗಕ್ಕೆ ಈ ಭಾನುವಾರ ಆಟ. ಹುಚ್ಚಮ್ಮ ಅದನ್ನೇ ಎರಡೆರಡು ಸಲ ಹೇಳಿಸಿಕೊಂಡಳು. ಆ ಜಾಗ ಬೇಕು. ಬೇಕೇ ಬೇಕು. ಇನ್ನೊಂದು ಜೀವದ ಎದುರು ಕೂತು ಆಡಬೇಕು. ಇಲ್ಲದಿದ್ದರೆ ಮತ್ತೆ ಅದೇ ಪ್ಲೈವುಡ್ಡು, ಅದೇ ಎರಡು ಕೈ. ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಸೊಸೆಯೊಡನೆ ಬಸ್ಸು ಹತ್ತಿದಳು.

ಗುಂಪು ನಡೆಸುವವರು ವಿಷ್ಣುಪ್ರಸಾದ್ ಮೇಷ್ಟ್ರು, ಒಳ್ಳೆಯ ಮನುಷ್ಯ. ಪುಸ್ತಕ ಕಂಡು ಖುಷಿಯಾಗಿ, ಅದರ ಮೇಲೆ ಫೋನು ಹಿಡಿದು ಅಕ್ಷರಗಳ ಅರ್ಥ ನೋಡತೊಡಗಿದರು. ನೋಡುತ್ತ ನೋಡುತ್ತ ಅವರ ಮುಖ ಸಣ್ಣಗಾಯಿತು.

"ಅಮ್ಮಾ, ಇದ್ರಲ್ಲಿ ನೀವು ಯಾವ್ಯಾವ್ದು ಕಲ್ತಿದ್ದೀರಿ?"

"ಯಾವ್ಯಾವ್ದು ಅಂದ್ರೆ? ಎಲ್ಲಾನೂವೆ."

"ಅಯ್ಯೋ! ಮೇಲಿನ ಚಿತ್ರ ಮಾತ್ರ ಸರಿಯಾದ ಆಟ. ಕೆಳಗಿನದ್ರ ಮೇಲೆ 'ತಪ್ಪು' ಅಂತ ಬರ್ದಿದೆ. ಕಪ್ಪಿನವರು ಹೀಗೆ ಆಡಿದ್ರೆ ಕೆಡ್ತಾರೆ ಅಂತ ಎಚ್ಚರಿಕೆ ಅದು. ನೀವು ತಪ್ಪನ್ನೂ ಸೇರಿಸ್ಕೊಂಡು ಕಲ್ತುಬಿಟ್ಟಿದ್ದೀರಿ."

ಸುತ್ತ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಹುಚ್ಚಮ್ಮನಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನಿಸಿತು. ಆರು ವರ್ಷ! ಅರ್ಧಕ್ಕರ್ಧ ಮಣ್ಣುಪಾಲು!

"ಅತ್ತೆ, ವಾಪಸ್ ಹೋಗಣ್ವಾ?" ವೀಣಾ ಮೆಲ್ಲಗೆ ಕೇಳಿದಳು.

"ಸುಮ್ನಿರೆ ನೀನು. ಆಡಕ್ಕೆ ಬಂದಿರದು, ಆಡ್ಕಂಡೇ ಹೋಗದು."

ಎದುರಾಳಿ ಚಿನ್ಮಯ, ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗ, ಫೋನಿನಲ್ಲೇ ಆಟ ಕಲಿತವನು. ಕಪ್ಪು ಅವನಿಗೆ, ಬಿಳುಪು ಇವಳಿಗೆ. ಜೊಸೆಕಿಗಳು ಅವನ ಬೆರಳ ತುದಿಯಲ್ಲಿದ್ದವು, ಟಕ ಟಕ ಇಟ್ಟ. ಹುಚ್ಚಮ್ಮನೂ ಇಟ್ಟಳು. ಮೊದಲ ಮೂಲೆ ಸಮಪಾಲು. ಎರಡನೆಯದೂ ಸಮಪಾಲು. ಈ ಅಜ್ಜಿ ಸುಲಭಕ್ಕೆ ಬಗ್ಗುವ ಗಿರಾಕಿಯಲ್ಲ ಎಂದು ಹುಡುಗನಿಗೆ ಗೊತ್ತಾಯಿತು. ಆದರೆ ಮೇಷ್ಟ್ರು ಹೇಳಿದ್ದನ್ನು ಅವನೂ ಕೇಳಿದ್ದ. ತಪ್ಪು ಕಲಿತವಳು ತಾನೇ, ಇವಳ ಹತ್ತಿರ ಒಂದು ಹೆಜ್ಜೆ ಹೆಚ್ಚಿಗೆ ನುಗ್ಗಿದರೆ ಏನಾದೀತು ಎಂದುಕೊಂಡ. ಮೂರನೆಯ ಮೂಲೆಯಲ್ಲಿ, ಒಂಬತ್ತನೆಯ ಕಾಯಿಗೆ, ಸಮಪಾಲು ಬಿಟ್ಟು ಆಸೆಬುರುಕತನದಿಂದ ಒಳಕ್ಕೆ ನುಗ್ಗಿದ. ನುಗ್ಗಿ ಮುಗುಳ್ನಕ್ಕ.

ಹುಚ್ಚಮ್ಮನ ಕೈ ತಡೆಯಿತು. ಈ ಕಾಯಿ ಇಲ್ಲಿಗೆ ಬಂದದ್ದನ್ನು ಅವಳು ಸಾವಿರ ಸಲ ನೋಡಿದ್ದಳು. ಪುಟದ ಕೆಳಗಿನ ಚಿತ್ರ! ಆ ಚಿತ್ರಗಳನ್ನು ಆಡುವಾಗಲೆಲ್ಲ ಕಪ್ಪಿಡುವ ಬಲಗೈಯೇ ಯಾಕೆ ಏಟು ತಿನ್ನುತ್ತದೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ನನ್ನ ಬಲಗೈಗೇ ಬುದ್ಧಿಯಿಲ್ಲ ಎಂದು ಬೈದುಕೊಂಡಿದ್ದಳು. ಈಗ ತಿಳಿಯಿತು. ತಪ್ಪು ಎಂದು ಬರೆದಿದ್ದು ಕಪ್ಪಿಗೆ ತಾನೇ? ಆ ತಪ್ಪಿಗೆ ಕೊಡಬೇಕಾದ ಶಿಕ್ಷೆಯೂ ಅದೇ ಚಿತ್ರದಲ್ಲಿತ್ತು. ಎರಡೂ ಕೈಯಲ್ಲಿ ಕಲಿತವಳಿಗೆ ಅದೂ ಬರುತ್ತದಲ್ಲ!

ಎಡಗೈಯಲ್ಲಿ ಬಿಳಿ ಕಾಯಿ ಎತ್ತಿ ಹತ್ತನೆಯದನ್ನು ಇಟ್ಟಳು. ಚಿನ್ಮಯ ಹುಬ್ಬು ಗಂಟಿಕ್ಕಿದ. ಅವನಿಗೆ ಸರಿಯಾದದ್ದು ಮಾತ್ರ ಗೊತ್ತು, ತಪ್ಪಿದ ಮೇಲೆ ಏನಾಗುತ್ತದೆಂದು ಯಾವತ್ತೂ ನೋಡಿದವನಲ್ಲ. ಯೋಚಿಸಿ ಯೋಚಿಸಿ ಹನ್ನೊಂದನೆಯದನ್ನಿಟ್ಟ. ಪುಸ್ತಕದಲ್ಲಿ ಇದ್ದದ್ದೂ ಅಲ್ಲೇ. ಹುಚ್ಚಮ್ಮ ತಡಮಾಡದೆ ಹನ್ನೆರಡು ಇಟ್ಟಳು. ಹದಿಮೂರು, ಹದಿನಾಲ್ಕು. ಹುಡುಗನ ಹಣೆಯಲ್ಲಿ ಬೆವರು. ಸುತ್ತಲಿನವರು ಬಗ್ಗಿ ನೋಡತೊಡಗಿದರು. ಹದಿನಾರನೆಯ ಕಾಯಿ ಬಿದ್ದಾಗ ಅವನ ಏಳು ಕಪ್ಪು ಕಾಯಿಗಳಿಗೆ ಉಸಿರಾಡಲು ಎಲ್ಲೂ ಜಾಗವಿರಲಿಲ್ಲ.

"ಅಬ್ಬಬ್ಬಾ!" ಎಂದರು ಮೇಷ್ಟ್ರು. ಆಡುವವರ ನಡುವೆ ಬಾಯಿ ಹಾಕಬಾರದೆಂಬ ನಿಯಮ ಅವರೇ ಮಾಡಿದ್ದು.

ಆಮೇಲೆ ಚಿನ್ಮಯ ಇನ್ನೊಂದು ಗಂಟೆ ಒದ್ದಾಡಿದ. ಏನು ಪ್ರಯೋಜನ? ಒಂದು ಮೂಲೆಯೇ ಕೈಬಿಟ್ಟು ಹೋಗಿತ್ತು. ಕೊನೆಗೆ ಬೆನ್ನು ನೆಟ್ಟಗೆ ಮಾಡಿ ಕೈ ಮುಗಿದ.

"ಸೋತೆ ಅಜ್ಜಿ."

ವೀಣಾ ಅತ್ತೆಯನ್ನು ತಬ್ಬಿಕೊಂಡು ಕೂಗಿದ ಕೂಗು ಬೀದಿಗೆ ಕೇಳಿಸಿತು. ಮೇಷ್ಟ್ರು ತಂಡದ ಪಟ್ಟಿ ತೆಗೆದು ಐದನೆಯ ಹೆಸರು ದಪ್ಪಕ್ಷರದಲ್ಲಿ ಬರೆದರು. "ನಾವೆಲ್ಲ ಸರಿಯಾದ್ದು ಮಾತ್ರ ಕಲ್ತು ಕೂತಿದ್ದೀವಿ. ಮೈಸೂರಿಗೆ ಹೋಗೋದ್ರೊಳಗೆ ಆ ಕೆಳಗಿನ ಚಿತ್ರಗಳ್ನ ನೀವೇ ನಮ್ಗೆ ಹೇಳಿಕೊಡ್ಬೇಕಮ್ಮ," ಎಂದರು.

"ಹೇಳ್ಕೊಡನ ಬಿಡಿ ಮೇಷ್ಟ್ರೇ, ಅದುಕ್ಕೇನು," ಎಂದಳು ಹುಚ್ಚಮ್ಮ. ಗರ್ವ ಬಂದಿತ್ತು, ಮುಚ್ಚಿಡುವ ಗೋಜಿಗೆ ಹೋಗಲಿಲ್ಲ.

ಅಷ್ಟರಲ್ಲಿ ಚಿನ್ಮಯ ಹಲಗೆ ಖಾಲಿ ಮಾಡಿದ್ದ. "ಅಜ್ಜಿ, ಇನ್ನೊಂದ್ ಆಟ ಆಡ್ತೀರಾ?"

ಆರು ವರ್ಷದಲ್ಲಿ ಒಬ್ಬರೂ ಅವಳನ್ನು ಹೀಗೆ ಕೇಳಿರಲಿಲ್ಲ. ಅವಳ ಕಣ್ಣು ತುಂಬಿ ಬಂತು. ಸೆರಗಿನಲ್ಲಿ ಒರೆಸಿಕೊಂಡು, ಬಿಳಿ ಕಾಯಿಗಳ ಬಟ್ಟಲನ್ನು ಅವನ ಕಡೆಗೆ ತಳ್ಳಿದಳು.

"ಬಾ ಮಗ. ಈ ಸಲ ಕಪ್ಪು ನಂಗೆ."

ಅದನ್ನೂ ಅವಳೇ ಗೆದ್ದಳು.