ಬಂಡೆಯ ಸಂದಿನಲ್ಲಿ ಹೇಳಿದ್ದು

ಮೂರನೆಯ ದಿನ ಮಧ್ಯಾಹ್ನ ಮರಗಳು ಮುಗಿದವು. ಆಮೇಲೆ ಕಲ್ಲು, ಹಿಮ, ಗಾಳಿ ಮಾತ್ರ. ಅಲ್ಲಿಂದ ಮುಂದೆ ಗಟ್ಟಿಯಾಗಿ ಮಾತಾಡುವಂತಿಲ್ಲ. ಸದ್ದು ಮಾಡಿದರೆ ಮಂಜು ಇಳಿದು ದಾರಿ ಮುಚ್ಚಿಬಿಡುತ್ತದೆ. ಈ ಯಾತ್ರೆ ನನ್ನಕ್ಕ ನೊರ್ಜೊಮಳ ಹಠ. ಅವಳಿಗೆ ಪಿಸುಗುಟ್ಟುವುದೂ ಬಾರದು, ಸುಮ್ಮನಿರುವುದೂ ಬಾರದು.

"ನೀನು ಸಿಕ್ಕಿಹಾಕ್ಕೊಂಡ್ರೆ ನಾನಂತೂ ಕಾಯಲ್ಲ ಯಾಂಗ್ಕಿ," ಎಂದಳು, ಚಮರಿ ಹಾಲಿನ ಒಣಗಿಣ್ಣನ್ನು ಕೆನ್ನೆಯಿಂದ ಕೆನ್ನೆಗೆ ಹೊರಳಿಸುತ್ತ. "ತಂಗೀನ ಬಂಡೆನೇ ಇಟ್ಕೊಂಡ್ತು ಅಂತ ಊರಲ್ಲಿ ಹೇಳ್ತೀನಿ."

"ಕಡ್ಡಿ ಹಾಗಿರೋರೂ ಸಿಕ್ಕಿಬಿದ್ದಿದಾರಂತೆ."

"ಅವರ ಪಾಪ ದಪ್ಪ ಇರುತ್ತೆ."

ನಾನು ನಕ್ಕೆ. ಕಾಲು ಮಾತ್ರ ಭಾರವಾಯಿತು.

ಗುರು ರಿಂಪೊಚೆ ತಪಸ್ಸಿಗೆ ಕೂತ ಗುಹೆಯ ಕೆಳಗೆ ಒಂದು ಬಂಡೆ ಸೀಳಿಕೊಂಡಿದೆ. ಬಂದವರೆಲ್ಲ ಅದರೊಳಗೆ ತೆವಳಿ ಆಚೆ ಹೋಗಬೇಕು. ಮುಚ್ಚಿಟ್ಟ ಪಾಪವಿದ್ದವರನ್ನು ಬಂಡೆ ಹಿಡಿದುಕೊಳ್ಳುತ್ತದೆ. ಬಾಯಿಬಿಟ್ಟು ಹೇಳಿದರೆ ಬಿಡುತ್ತದೆ. ನನ್ನಲ್ಲಿ ಹನ್ನೊಂದು ವರ್ಷದಿಂದ ಒಂದಿತ್ತು.

ಅಮ್ಮ ಹಾಸಿಗೆ ಹಿಡಿದಿದ್ದಳು. ನಾನು ಮಗ್ಗದ ಪಟ್ಟಿಯನ್ನು ಸೊಂಟಕ್ಕೆ ಬಿಗಿದುಕೊಂಡು ಯಾರದೋ ಮದುವೆಗೆ ಹೆಣ್ಣು ಉಡುವ ಕಿರಾ ನೇಯುತ್ತಿದ್ದೆ. ಹೂವಿನ ಸಾಲು ಅರ್ಧದಲ್ಲಿತ್ತು. ಎದ್ದರೆ ಎಳೆಗಳ ಎಣಿಕೆ ತಪ್ಪುತ್ತದೆ. ಒಳಗಿನಿಂದ ಅಮ್ಮ ಕರೆದಳು. ಈ ಸಾಲೊಂದು ಮುಗಿಯಲಿ ಅಂದುಕೊಂಡೆ. ಮುಗಿಸಿ ಹೋದಾಗ ಅವಳ ಬಾಯಿ ತೆರೆದೇ ಇತ್ತು. ನಿದ್ದೆಯಲ್ಲೇ ಹೋದಳು ಎಂದು ಎಲ್ಲರಿಗೂ ಹೇಳಿದೆ.

ಕೊನೆಯ ತಿರುವಿನಲ್ಲಿ ಅಕ್ಕನೂ ಮಾತು ನಿಲ್ಲಿಸಿದಳು. ಎದುರಿಗೆ ಬಂಡೆ ಎದ್ದಿತ್ತು. ನೋಡುತ್ತ ನೋಡುತ್ತ ನನ್ನ ತಲೆ ಹಿಂದಕ್ಕೆ ಬಾಗಿ ಬೆನ್ನ ಬುಟ್ಟಿಗೆ ತಾಗಿತು. ಮೇಲೆ ಇನ್ನೂ ಬಂಡೆಯೇ. ಅದರ ನಡುವೆಲ್ಲೋ ಸನ್ಯಾಸಿಗಳ ಗೊಂಪ, ಬೆಂಕಿಪೊಟ್ಟಣದಷ್ಟು. ಎಲ್ಲಕ್ಕಿಂತ ಮೇಲೆ, ಆಕಾಶ ಇರಬೇಕಾದ ಜಾಗದಲ್ಲಿ ಹಿಮ ಹೊಳೆಯುತ್ತಿತ್ತು. ಕಣ್ಣಲ್ಲಿ ನೀರು ಬಂತು, ಯಾಕೋ ತಿಳಿಯಲಿಲ್ಲ. ಅಕ್ಕ ಆಗಲೇ ನೆಲಕ್ಕೆ ಹಣೆ ಹಚ್ಚಿದ್ದಳು.

ಬುಟ್ಟಿ ಇಳಿಸಿಟ್ಟು ಸಂದಿನೊಳಗೆ ಮೊದಲು ನಾನು ಹೊಕ್ಕೆ. ಎಷ್ಟು ಕಾಲದ ಎಷ್ಟು ಜನರ ಮೈ ಉಜ್ಜಿತ್ತೋ, ಕಲ್ಲು ಬೆಣ್ಣೆಯ ಹಾಗೆ ನುಣುಪಾಗಿತ್ತು. ತಲೆ ಹೋಯಿತು, ಭುಜ ಹೋಯಿತು. ಸೊಂಟದ ಹತ್ತಿರ ಬಂಡೆ ಹಿಡಿಯಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಬೆಟ್ಟದೊಳಗೆ ಬಹಳ ಆಳದಲ್ಲಿ ನೀರು ಇಳಿಯುವ ಸದ್ದು ಕೇಳಿಸಿತು. ನನ್ನಮ್ಮನ ಅಮ್ಮ ಹುಟ್ಟುವ ಮೊದಲೂ ಅದು ಹೀಗೇ ಇಳಿಯುತ್ತಿದ್ದಿರಬೇಕು.

"ಏನೇ, ಬೆಣ್ಣೆ ಕದ್ದಿದ್ಯಾ? ಹೇಳ್ಬಿಡು," ಎಂದಳು ಅಕ್ಕ ಹಿಂದಿನಿಂದ.

ಕಲ್ಲಿಗೆ ಕೆನ್ನೆ ಒತ್ತಿಕೊಂಡು ಹೇಳಿದೆ. "ಅಮ್ಮ ಕರೆದ್ಳು. ನಂಗೆ ಕೇಳಿಸ್ತು. ನಾನು ಏಳಲಿಲ್ಲ."

 ಅಕ್ಕನ ಅಂಗೈಗಳು ನನ್ನ ಪಾದಕ್ಕೆ ತಗುಲಿದವು.

"ಗೊತ್ತು," ಎಂದಳು. "ನಾನು ಕೆಳಗೆ ಕೊಟ್ಟಿಗೇಲಿದ್ದೆ. ಅಮ್ಮ ಕರೆದಿದ್ದೂ ಕೇಳಿಸ್ತು, ನಿನ್ನ ಮಗ್ಗ ನಿಲ್ಲದೇ ಇದ್ದಿದ್ದೂ ಕೇಳಿಸ್ತು."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಉಸಿರು ಬಿಡು. ತಳ್ತೀನಿ."

ಉಸಿರನ್ನೆಲ್ಲ ಬಿಟ್ಟೆ. ಅವಳು ತಳ್ಳಿದಳು. ಬಂಡೆ ಬಿಟ್ಟಿತು.

ಆಚೆಯ ಬಿಸಿಲಿನಲ್ಲಿ ಕೂತು ಅವಳಿಗಾಗಿ ಕಾದೆ. ಅಕ್ಕ ಬಡಕಲು, ಎರಡು ಉಸಿರಿನಲ್ಲಿ ಬರಬೇಕಿತ್ತು. ಬರಲಿಲ್ಲ. ಬಗ್ಗಿ ನೋಡಿದೆ. ಕತ್ತಲಲ್ಲಿ ಅವಳ ಬೈತಲೆ ಕಾಣುತ್ತಿತ್ತು. ಎರಡೂ ಕಡೆ ಒಂದೊಂದು ಗೇಣು ಜಾಗವಿತ್ತು. ಬಂಡೆ ಅವಳನ್ನು ಹಿಡಿದಿರಲಿಲ್ಲ, ಅವಳೇ ಮುಂದೆ ಬರದೆ ನಿಂತುಬಿಟ್ಟಿದ್ದಳು. ನನ್ನಕ್ಕ, ಪಿಸುಗುಟ್ಟಲು ಬಾರದವಳು, ಏನೋ ಪಿಸುಗುಟ್ಟುತ್ತಿದ್ದಳು. "ಕೊಟ್ಟಿಗೆ" ಎಂಬ ಒಂದು ಮಾತು ಕಿವಿಗೆ ಬಿತ್ತು.

ನಾನು ಎದ್ದು, ಅವಳ ದನಿ ಕೇಳಿಸದಷ್ಟು ದೂರ ನಡೆದುಹೋಗಿ, ಬೆಟ್ಟದ ಕಡೆ ಮುಖಮಾಡಿ ನಿಂತೆ. ಅವಳು ಬರುವವರೆಗೂ ತಿರುಗಲಿಲ್ಲ.