ಮೂರನೆಯ ಡಾಕ್ಟರ ಮುಂದೆ

ಚಳಿ ಸರಿದು ಬಿಸಿಲು ಬಲಿಯುವ ಹೊತ್ತು, ಈರುಳ್ಳಿ ಕೀಳುವ ಕಾಲ. ಅಕ್ಕ ಸಾಲು ಹಿಡಿದು ಗಡ್ಡೆ ಕೀಳುತ್ತಿದ್ದಳು, ಹೆಂಡತಿ ಕುಡುಗೋಲಿನಿಂದ ಸೊಪ್ಪು ಕೊಯ್ಯುತ್ತಿದ್ದಳು. ಹಡಗಿನವನು ಬದುವಿನ ಮೇಲೆ ಕೂತು ಎಡಗೈಯೊಂದರಲ್ಲೇ ದಪ್ಪದ್ದು ಇತ್ತ, ಸಣ್ಣದು ಅತ್ತ ಹಾಕುತ್ತಿದ್ದ. ಇಪ್ಪತ್ತೆರಡು ವರ್ಷ ಹಡಗಿನ ಡೆಕ್ಕಿನ ಮೇಲೆ ದುಡಿದವನಿಗೆ ಊರು ಇಟ್ಟ ಹೆಸರು ಅದು. ಹೋದ ವರ್ಷ ಬಂದರಿನಲ್ಲಿ ಹಡಗು ಕಟ್ಟುವಾಗ ಹಗ್ಗ ಹರಿದು ಬಲಭುಜಕ್ಕೆ ಬಡಿದಿತ್ತು.

"ಏಳೋ, ಹೊತ್ತಾಯ್ತು," ಅಂದಳು ಅಕ್ಕ. "ನಿನಗೋಸ್ಕರ ಬಸ್ಸು ಲಂಗರು ಹಾಕ್ಕೊಂಡು ನಿಲ್ಲಲ್ಲ."

ಅಂದು ಪಟ್ಟಣದಲ್ಲಿ ಮೂರನೆಯ ಡಾಕ್ಟರ ತಪಾಸಣೆ. ಹಡಗಿನ ಕಂಪನಿಯ ಡಾಕ್ಟರು ‘ಕೆಲಸಕ್ಕೆ ಯೋಗ್ಯ’ ಎಂದು ಬರೆದಿದ್ದರು. ನಾವಿಕರ ಸಂಘದವರು ತೋರಿಸಿದ ಡಾಕ್ಟರು ‘ಇನ್ನು ಹಡಗು ಹತ್ತುವ ಹಾಗಿಲ್ಲ’ ಎಂದಿದ್ದರು. ಇಬ್ಬರ ಮಾತೂ ತಾಳೆಯಾಗದಿದ್ದರೆ, ಎರಡೂ ಕಡೆಯವರು ಒಪ್ಪಿದ ಮೂರನೆಯವರು ಹೇಳಿದ್ದೇ ಕೊನೆ. ಅವರೂ ಯೋಗ್ಯ ಅಂದುಬಿಟ್ಟರೆ ಕಂಪನಿಯಿಂದ ಬರಬೇಕಾದ ಪರಿಹಾರದ ಆಸೆ ಬಿಟ್ಟ ಹಾಗೆಯೇ.

ಹಾಗೆ ನೋಡಿದರೆ ಕಂಪನಿಯ ಡಾಕ್ಟರದ್ದೇನೂ ತಪ್ಪಿರಲಿಲ್ಲ. ನೋವಿದೆಯಾ ಎಂದು ಅವರು ಕೇಳಿದಾಗ ಇವನೇ "ಏನೂ ಇಲ್ಲ ಸಾರ್, ಗಟ್ಟಿಮುಟ್ಟಾಗಿದೀನಿ" ಅಂದಿದ್ದ. ಪ್ರತಿ ಸಲ ಹಡಗು ಹತ್ತುವ ಮುಂಚಿನ ತಪಾಸಣೆಯಲ್ಲಿ ಹಾಗೆ ಅಂದೇ ತಾನೇ ಕೆಲಸ ಸಿಕ್ಕಿದ್ದು? ನಾಲಿಗೆ ಅದಕ್ಕೇ ಪಳಗಿತ್ತು.

"ಈ ಸಲವಾದ್ರೂ ಬಾಯಿ ಬಿಟ್ಟು ಹೇಳ್ತೀರಾ?" ಬಸ್ಸಿನಲ್ಲಿ ಹೆಂಡತಿ ಕೇಳಿದಳು.

"ಹೇಳ್ತೀನಿ ಕಣೆ."

"ಹೋದ ಸಲಾನೂ ಹೀಗೇ ತಲೆಯಾಡಿಸಿದ್ರಿ."

ಡಾಕ್ಟರು ನಡುವಯಸ್ಸಿನ ಹೆಂಗಸು. ಕಾಗದಗಳನ್ನೆಲ್ಲ ನಿಧಾನವಾಗಿ ಓದಿ, "ಬಲಗೈ ಎತ್ತಿ" ಅಂದರು.

ಅವನು ಹೊಟ್ಟೆ ಎಳೆದು ನೆಟ್ಟಗೆ ನಿಂತ. ಸೊಂಟವನ್ನು ಎಡಕ್ಕೆ ಒಂದಿಷ್ಟೇ ವಾಲಿಸಿದ. ಕೈ ಕಿವಿಯವರೆಗೂ ಏರಿತು. ಡೆಕ್ಕಿನ ಹಳಬರು ಹೊಸಬರಿಗೆ ಕಲಿಸುವ ಮೊದಲ ವಿದ್ಯೆ ಅದು: ಮೈ ವಾಲಿದರೆ ಕೈ ಎತ್ತಿದಂತೆಯೇ ಕಾಣುತ್ತದೆ. ಹಣೆಯಲ್ಲಿ ಬೆವರೊಡೆಯಿತು.

"ನೋವು?"

"ಇಲ್ಲ ಮೇಡಂ."

ಹೆಂಡತಿ ಕುರ್ಚಿಯಿಂದ ಎದ್ದೇಬಿಟ್ಟಳು. "ಅಯ್ಯೋ ನಿಮ್ಮ! ಮೇಡಂ, ಇವರ ಅಂಗಿ ಗುಂಡಿ ಹಾಕೋಳು ನಾನು, ತಲೆ ಬಾಚೋಳು ನಾನು. ಇಲ್ಲಿ ನೋಡಿದ್ರೆ ಬಾವುಟ ಹಾರಿಸ್ತಾ ಇದಾರೆ!"

ಡಾಕ್ಟರು ಪೆನ್ನು ಕೆಳಗಿಟ್ಟರು. "ಇಬ್ಬರಲ್ಲಿ ಯಾರನ್ನ ನಂಬಲಿ?"

ಅವನು ಹೆಂಡತಿಯ ಕಡೆ ನೋಡಿದ. ನೋವಿದೆ ಅಂದರೆ ಮತ್ತೆ ಯಾವ ಹಡಗಿನಿಂದಲೂ ಕರೆ ಬರುವುದಿಲ್ಲ. ಇಷ್ಟು ದಿನ ಬಾಯಿ ಕಟ್ಟಿಹಾಕಿದ್ದು ಬರೀ ರೂಢಿಯಲ್ಲ, ಮತ್ತೆ ಹಡಗು ಹತ್ತುವ ಆಸೆಯೂ ಹೌದು ಎಂದು ಅವನಿಗೆ ಹೊಳೆದದ್ದು ಆಗಲೇ.

"ಅವಳನ್ನೇ ನಂಬಿ, ಮೇಡಂ," ಅಂದ ಕೊನೆಗೆ. "ನನ್ನ ಬೆನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಸೊಂಟ ಅಲ್ಲಾಡದಂಗೆ ಹಿಡ್ಕೊಳ್ಳಿ. ಆಮೇಲೆ ಎತ್ತು ಅನ್ನಿ."

ಹಾಗೆಯೇ ಮಾಡಿದರು. ಕೈ ಎದೆಯ ಮಟ್ಟಕ್ಕೆ ಬಂದು ನಡುಗುತ್ತ ನಿಂತಿತು. ಅಲ್ಲಿಂದ ಕೂದಲೆಳೆಯಷ್ಟೂ ಮೇಲೇರಲಿಲ್ಲ. "ನೋಯ್ತಾ ಇದೆ," ಅಂದ. ಆ ಮಾತು ಹೊರಬಿದ್ದದ್ದೇ ಮೈ ಹಗುರವಾಯಿತು.

"ಒಳ್ಳೇ ಕಳ್ಳ ವಿದ್ಯೆ," ಎಂದು ಡಾಕ್ಟರು ನಗುತ್ತ ಬರೆಯತೊಡಗಿದರು.

ಎರಡು ತಿಂಗಳಿಗೆ ಪತ್ರ ಬಂತು: ಹಡಗಿನ ಕೆಲಸಕ್ಕೆ ಶಾಶ್ವತವಾಗಿ ಅನರ್ಹ, ಒಪ್ಪಂದದಂತೆ ಪೂರ್ತಿ ಪರಿಹಾರ. ಅದರ ಹಿಂದೆಯೇ ಹಣವೂ ಬಂತು. ಅವನು ನೇರವಾಗಿ ಅಕ್ಕನ ಜಗಲಿಗೆ ಹೋದ. ವರ್ಷವಿಡೀ ಇವನ ಮನೆಯ ಒಲೆ ಆರದಂತೆ ನೋಡಿಕೊಂಡವಳು, ಎಕ್ಸ್‌ರೇ, ಮಾತ್ರೆಗೆಂದು ಹಸು ಮಾರಿದವಳು ಅವಳೇ.

"ಅಕ್ಕಾ, ನಿಂದು," ಎಂದು ನೋಟಿನ ಕಟ್ಟು ಚಾಚಿದ.

ಅಕ್ಕ ಬೇಡವೆನ್ನಲಿಲ್ಲ. ಕೈ ಒರೆಸಿಕೊಂಡು ತಗೊಂಡು, ಸೆರಗಿನ ತುದಿಗೆ ಗಂಟು ಹಾಕಿದಳು. "ಮುಂದಿನ ವಾರ ದನದ ಸಂತೆಗೆ ನೀನೂ ಬಾ. ಹಸುವಿನ ಹಲ್ಲು ನೋಡೋಕೆ ಒಂದು ಕೈ ಸಾಕು."

ಅವಳು ಬೇಡ ಅಂದಿದ್ದರೆ ಅವನಿಗೆ ನೋಯುತ್ತಿತ್ತು. ಹಗುರ ಮನಸ್ಸಿನಿಂದ ಮನೆಯ ದಾರಿ ಹಿಡಿದ.