ಬೆಂಡೆಕಾಯಿ ಬಿಟ್ಟ ಮನೆ

೨೦೦೬ರ ಏಪ್ರಿಲ್ ೧೬, ಭಾನುವಾರ, ಬೆಳಗ್ಗೆ ಎಂಟೂಕಾಲು. ದೆಹಲಿಯ ಮಯೂರ್ ವಿಹಾರದ ನಮ್ಮ ಸೊಸೈಟಿಯ ಗೇಟಿನೊಳಗೆ ತರಕಾರಿ ಗಾಡಿ ಬಂದು ನಿಂತಿತು. ಎರಡನೆಯ ಮಹಡಿಯ ಬಾಲ್ಕನಿಯಿಂದ ವಿಜಯಮ್ಮನವರು ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟರು. ಸೋರೆಕಾಯಿ, ಟೊಮೇಟೊ, ಕೊತ್ತಂಬರಿ ಮೇಲೇರಿದವು. ಗಾಡಿಯವನು ಎಳೆಯ ಬೆಂಡೆಕಾಯಿ ಒಂದು ಹಿಡಿ ಎತ್ತಿ ತೋರಿಸಿದ. ಅವರು ಕೈಯಾಡಿಸಿ, "ಭಿಂಡಿ ನಹೀ, ಭಯ್ಯಾ" ಎಂದು ಬುಟ್ಟಿ ಎಳೆದುಕೊಂಡರು.

ಅವರ ಮಗ ಶ್ರೀವತ್ಸನಿಗೆ ಬೆಂಡೆಕಾಯಿ ಗೊಜ್ಜೆಂದರೆ ಪ್ರಾಣ. ಮಾನೇಸರದ ಕಾರ್ಖಾನೆಯಿಂದ ಎರಡು ಬಸ್ಸು ಬದಲಿಸಿ ಸೋತು ಬರುವ ಮಗನಿಗೆ ಬಡಿಸಿ, ಅವನು ಉಣ್ಣುವುದನ್ನು ನೋಡುತ್ತ ಕೂರುವುದೇ ತಾಯಿಯ ದಿನದ ಸುಖ. ಆದರೂ ಒಂದು ವರ್ಷದಿಂದ ಆ ಮನೆಗೆ ಬೆಂಡೆಕಾಯಿ ಬಂದಿರಲಿಲ್ಲ.

ನಾನು ಅವರ ಕೆಳಗಿನ ಫ್ಲ್ಯಾಟಿನಲ್ಲಿದ್ದೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಒಂಟಿ ಹೆಣ್ಣುಮಗಳು ಸರಿಯಾಗಿ ಉಣ್ಣುವುದಿಲ್ಲವೆಂದು ವಿಜಯಮ್ಮ ವಾರಕ್ಕೆರಡು ಸಲವಾದರೂ ಸಾರಿನ ಪಾತ್ರೆ ಹಿಡಿದು ಇಳಿದು ಬರುತ್ತಿದ್ದರು. ಸೊಸೆ ಹರಿಣಿಯ ಮೇಲಂತೂ ಜೀವವನ್ನೇ ಇಟ್ಟಿದ್ದರು. ಅವಳ ತಲೆಗೆ ಎಣ್ಣೆ ಒತ್ತುವವರು ಅವರೇ, ಅವಳು ಪಾಠ ಹೇಳುವ ನರ್ಸರಿ ಶಾಲೆಗೆ ಡಬ್ಬಿ ಕಟ್ಟುವವರೂ ಅವರೇ. ಕೆಟ್ಟ ರೂಢಿ ಉಳಿದಿರುವುದು ಕೆಟ್ಟ ಅತ್ತೆಯರಿಂದ ಎಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ಈ ಮನೆಯಲ್ಲಿ ಅದು ಪ್ರೀತಿಯ ಕೈಯಿಂದಲೇ ನಡೆಯುತ್ತಿತ್ತು.

ಮದುವೆಯಾಗಿ ಐದು ವರ್ಷವಾದರೂ ಹರಿಣಿಗೆ ಮಕ್ಕಳಾಗಿರಲಿಲ್ಲ. ವಿಜಯಮ್ಮನವರ ತವರಿನಲ್ಲಿ ಸಂತಾನ ನೇಮ ಎಂಬುದೊಂದಿತ್ತು. ಮುಟ್ಟಿನ ಐದನೆಯ ದಿನ ತಲೆಗೆ ನೀರು ಹಾಕಿಕೊಂಡ ಸೊಸೆ ಅಂದಿನಿಂದ ಹನ್ನೊಂದು ರಾತ್ರಿ ದೇವರ ಗೂಡಿನ ಎದುರು ಚಾಪೆ ಹಾಸಿ ಒಬ್ಬಳೇ ಮಲಗಬೇಕು. ಒಪ್ಪೊತ್ತು ಊಟ. ಗಂಡನನ್ನು ಮುಟ್ಟುವಂತಿಲ್ಲ. ನೈವೇದ್ಯ ಮಾಡಿ ಚಾಪೆ ಸುತ್ತಿಟ್ಟ ಮೇಲೆ ಕೂಡಿದವರಿಗೆ ಮಗು ಆಗೇ ಆಗುತ್ತದಂತೆ. ಮೂರು ವರ್ಷದಿಂದ ಹರಿಣಿ ಒಂದು ತಿಂಗಳೂ ತಪ್ಪಿಸಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ ಅವಳು ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು. ಒಪ್ಪೊತ್ತಿನಿಂದ ತಲೆ ಸುತ್ತುತ್ತಿದೆಯೇ ಎಂದು ಕೇಳಿದ್ದಕ್ಕೆ ಇಲ್ಲವೆಂದಳು. ಸ್ವಲ್ಪ ಹೊತ್ತು ಒಂದೇ ಟವಲ್ಲನ್ನು ಮತ್ತೆ ಮತ್ತೆ ಕೊಡವಿದಳು.

"ಅಕ್ಕ, ನನಗೆ ಬಿಳಿಸೆರಗಿನ ಕಾಯಿಲೆ ಇದೆ" ಎಂದಳು.

ಮೆಲ್ಲಗೆ ಕೇಳಿದಾಗ ಎಲ್ಲ ಹೇಳಿಕೊಂಡಳು. ಪ್ರತಿ ತಿಂಗಳೂ ನೇಮದ ನಡುವೆಯೇ ಬರುತ್ತದೆ. ಮೊದಲು ಅಂಟಂಟಾಗಿ, ಮಬ್ಬಾಗಿ ಇರುತ್ತದೆ. ಆಮೇಲೆ ತಿಳಿಯಾಗಿ, ಬೆಂಡೆಕಾಯಿ ಹೆಚ್ಚಿದಾಗಿನ ಲೋಳೆಯಂತೆ ಎಳೆಎಳೆಯಾಗಿ ಜಾರುತ್ತದೆ. ಕೆಲವು ದಿನಕ್ಕೆ ತಾನೇ ನಿಂತುಹೋಗುತ್ತದೆ. ಅತ್ತೆಗೆ ತಿಳಿಸಿದಂದಿನಿಂದ ಮನೆಯಲ್ಲಿ ಬೆಂಡೆಕಾಯಿ ಬಂದ್. ಲೋಳೆ ತಿಂದರೆ ಲೋಳೆ ಹೆಚ್ಚುತ್ತದಲ್ಲ! ಕರೋಲ್ ಬಾಗಿನ ಅಂಗಡಿಯಿಂದ ಫಿಟ್ಕರಿ, ಅಂದರೆ ಪಟಿಕ, ತರಿಸಿ, ಆ ನೀರಿನಿಂದ ದಿನವೂ ಒಳಗೆ ತೊಳೆದುಕೊಳ್ಳಲು ಹೇಳಿದ್ದರು. ಈಗ ಉರಿ ಎಷ್ಟೆಂದರೆ ಶಾಲೆಯಲ್ಲಿ ಕೂರುವುದೂ ಕಷ್ಟ.

ವಾಸನೆ ಇದೆಯೇ, ತುರಿಕೆ, ಹಳದಿ ಅಥವಾ ಹಸಿರು ಬಣ್ಣ? ಒಂದೂ ಇರಲಿಲ್ಲ. ಇದ್ದಿದ್ದರೆ ಅದು ಕಾಯಿಲೆಯ ಗುರುತು. ಇದು ಹಾಗಲ್ಲ ಎಂದೆ. ಗರ್ಭಕೋಶದ ಕೊರಳಿನಲ್ಲಿ ಈ ಲೋಳೆ ಎಲ್ಲ ಹೆಂಗಸರಿಗೂ ಹುಟ್ಟುತ್ತದೆ. ಮುಟ್ಟು ನಿಂತ ಮೇಲೆ ಸ್ವಲ್ಪ ದಿನ ಒಣಗಿದಂತಿರುತ್ತದೆ. ಅಂಡ ಬಲಿಯುತ್ತಾ ಬಂದ ಹಾಗೆ ಲೋಳೆ ತೆಳುವಾಗುತ್ತದೆ, ಜಾರುತ್ತದೆ. ಅಂಡ ಬಿಡುಗಡೆಯಾದ ಮೇಲೆ ಮತ್ತೆ ಗಟ್ಟಿಯಾಗಿ ಬಾಗಿಲು ಹಾಕಿಕೊಳ್ಳುತ್ತದೆ. ವೀರ್ಯಾಣುವಿಗೆ ಒಳಗೆ ಹೋಗಲು ಅದೇ ದಾರಿ. ಆ ಲೋಳೆಯಲ್ಲಿ ಅದು ಮೂರು ದಿನ, ಒಮ್ಮೊಮ್ಮೆ ಐದು ದಿನವೂ ಬದುಕಿರಬಲ್ಲದು. ಅಂಡದ ಆಯುಸ್ಸು ಮಾತ್ರ ಒಂದೇ ದಿನ.

ಹರಿಣಿಯ ತಿಂಗಳು ಇಪ್ಪತ್ತಾರು ದಿನದ್ದು. ಅಂಡ ಬಿಡುಗಡೆಯಾಗುವುದು ಹನ್ನೆರಡನೆಯ ದಿನದ ಆಸುಪಾಸು, ನೇಮ ಐದರಿಂದ ಹದಿನೈದರವರೆಗೆ. ಅವಳು ಬೆರಳು ಮಡಿಸುತ್ತಾ ಹೋದಳು, ನಡುವೆ ನಿಲ್ಲಿಸಿದಳು.

"ಅಂದರೆ ಮಗು ನಿಲ್ಲೋ ದಿನಗಳಲ್ಲೆಲ್ಲ ನಾನು ಚಾಪೆ ಮೇಲಿದ್ದೆ."

"ಹೌದು."

"ಮಗುಗೋಸ್ಕರ."

ಅವಳು ಅಳಲಿಲ್ಲ. ಟವಲ್ಲನ್ನು ತಂತಿಗೆ ಹಾಕಿ ಕ್ಲಿಪ್ ಸಿಕ್ಕಿಸಿದಳು.

ಆ ವಾರವೇ ಗಂಡಹೆಂಡತಿ ಇಬ್ಬರೂ ಲೇಡಿ ಡಾಕ್ಟರರ ಬಳಿಗೆ ಹೋಗಿಬಂದರು. ಇಬ್ಬರ ಪರೀಕ್ಷೆಯಲ್ಲೂ ಯಾವ ದೋಷವೂ ಕಾಣಲಿಲ್ಲ. ಉರಿ ಫಿಟ್ಕರಿಯದು, ಅದನ್ನು ಅಂದೇ ನಿಲ್ಲಿಸಬೇಕೆಂದು ಡಾಕ್ಟರು ಹೇಳಿದರು.

ಇದನ್ನು ವಿಜಯಮ್ಮನವರಿಗೆ ತಿಳಿಸಲು ನಾನೇ ಮೇಲೆ ಹೋದೆ. ಅವರು ಅವಲಕ್ಕಿ ಕಲಸಿ ಕೊಟ್ಟು, ನಾನು ಹೇಳಿದ್ದನ್ನೆಲ್ಲ ಕೇಳಿದರು. ಕಾಲೇಜಿನ ಕಪ್ಪೆಗೂ ತಮ್ಮ ಸೊಸೆಗೂ ಒಂದೇ ಶಾಸ್ತ್ರವೇ ಎಂದರು. ತುಮಕೂರಿನಲ್ಲಿರುವ ತಮ್ಮ ಅಕ್ಕ ಪ್ರತಿ ಫೋನಿನಲ್ಲೂ ಶ್ರೀವತ್ಸನಿಗೆ ಇನ್ನೊಂದು ಹೆಣ್ಣು ನೋಡೋಣ ಎನ್ನುತ್ತಿದ್ದಾಳಂತೆ. ಅವಳ ಬಾಯಿ ಮುಚ್ಚಿಸಲು ಮೇ ರಜೆಯಲ್ಲಿ ಹರಿಣಿಯನ್ನು ಅಲ್ಲಿಗೇ ಕಳಿಸಿ, ಅಕ್ಕನ ಕಣ್ಣೆದುರಿಗೇ ಹನ್ನೊಂದು ರಾತ್ರಿಯ ಬದಲು ಒಂದು ಮಂಡಲ, ನಲವತ್ತೆಂಟು ದಿನ, ನೇಮ ಮಾಡಿಸುವುದೆಂದು ನಿಶ್ಚಯಿಸಿದ್ದರು. ರೈಲಿನ ಟಿಕೆಟ್ಟೂ ಬಂದಿತ್ತು.

"ಒಂಬತ್ತು ವರ್ಷ ನೇಮ ಮಾಡಿ ಇವನನ್ನ ಹೆತ್ತವಳು ನಾನು. ನನಗೆ ಹೇಳೋಕೆ ಬರ್ತೀಯಾ, ಧಾರಿಣಿ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇನ್ನಷ್ಟು ಅವಲಕ್ಕಿ ಹಾಕಿದರು.

ಮೇ ತಿಂಗಳ ಆರನೆಯ ತಾರೀಕು ಹರಿಣಿ ತಲೆಗೆ ನೀರು ಹಾಕಿಕೊಂಡಳು. ಅವತ್ತು ಶನಿವಾರ, ಶ್ರೀವತ್ಸನಿಗೆ ರಜೆ. ನೀವೂ ಇರಿ ಅಕ್ಕ ಎಂದು ನನ್ನನ್ನು ಕರೆಸಿಕೊಂಡಿದ್ದಳು. ವಿಜಯಮ್ಮ ಅಟ್ಟದಿಂದ ಚಾಪೆ ತೆಗೆದು ದೇವರ ಗೂಡಿನ ಎದುರು ಬಿಚ್ಚುತ್ತಿದ್ದರು. ಹರಿಣಿ ಬಗ್ಗಿ ಅದರ ಇನ್ನೊಂದು ತುದಿ ಹಿಡಿದಳು. ಯಾವಾಗಲೂ ಹಾಗೆ ಇಬ್ಬರೂ ಸೇರಿಯೇ ಹಾಸುತ್ತಿದ್ದರಂತೆ. ಆದರೆ ಈ ಸಲ ಅವಳು ತನ್ನ ತುದಿಯಿಂದ ಚಾಪೆಯನ್ನು ಮತ್ತೆ ಸುತ್ತತೊಡಗಿದಳು.

"ಅತ್ತೆ, ಇನ್ನು ನಾನು ನೇಮ ಮಾಡಲ್ಲ. ತುಮಕೂರಿಗೂ ಹೋಗಲ್ಲ."

"ಹುಚ್ಚಿ, ದೇವರೆದುರು ಏನಂತ ಮಾತಾಡ್ತಿದೀಯ?"

"ದೇವರೆದುರೇ ಹೇಳ್ತಿದೀನಿ. ಮಗು ಆಗುತ್ತೋ ಬಿಡುತ್ತೋ, ನನ್ನ ಮೈಗೆ ಕಾಯಿಲೆ ಇಲ್ಲ. ಅದನ್ನ ಇನ್ನು ಉರಿಸಿಕೊಳ್ಳಲ್ಲ."

ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಂದು ನಿಂತಿದ್ದ ಶ್ರೀವತ್ಸ ಅದನ್ನು ತೆಗೆದು, "ಟಿಕೆಟ್ ನಿನ್ನೇನೇ ಕ್ಯಾನ್ಸಲ್ ಮಾಡಿಸಿದೆ, ಅಮ್ಮ" ಎಂದ. "ದೊಡ್ಡಮ್ಮನಿಗೆ ಫೋನೂ ಮಾಡಿದೆ. ಇನ್ನೊಂದು ಹೆಣ್ಣಿನ ಮಾತು ಎತ್ತಿದರೆ ಆ ಹೆಣ್ಣನ್ನ ನಿಮ್ಮ ಮನೇಲೇ ಇಟ್ಕೊಳ್ಳಿ ಅಂದೆ."

ವಿಜಯಮ್ಮ ಅರ್ಧ ಸುತ್ತಿದ ಚಾಪೆಯ ಮೇಲೆ ಕುಳಿತುಬಿಟ್ಟರು. ಹರಿಣಿ ಪಕ್ಕದಲ್ಲಿ ಕೂತಳು.

"ನೀವು ದೆಹಲಿಗೆ ಬಂದಾಗ ಇವರು ಹುಟ್ಟಿದ್ದರಾ, ಅತ್ತೆ?"

"ಇಲ್ಲ. ಬಂದ ಮೂರನೇ ತಿಂಗಳಿಗೆ ಹೊಟ್ಟೇಲಿ ನಿಂತ."

"ಇಲ್ಲೂ ನೇಮ ಮಾಡ್ತಿದ್ದಿರಾ?"

ವಿಜಯಮ್ಮ ಚಾಪೆಯ ಅಂಚನ್ನು ಬೆರಳಿನಿಂದ ಸವರುತ್ತಿದ್ದರು.

"ಕರೋಲ್ ಬಾಗಿನಲ್ಲಿ ತಾರಸಿ ಮೇಲಿನ ಒಂದು ಕೋಣೆ. ಎಂಟು ಅಡಿಗೆ ಒಂಬತ್ತು ಅಡಿ. ಅದರಲ್ಲೇ ಸ್ಟೌವು, ಟ್ರಂಕು, ನೀರಿನ ಡ್ರಮ್ಮು. ಎರಡು ಚಾಪೆ ಹಾಸೋಕೆ ಎಲ್ಲಿ ಜಾಗ? ಚಳಿ ಬೇರೆ. ನಿಮ್ಮ ಮಾವ ಬಾ ಇಲ್ಲೇ ಮಲಗು ಅಂದರು." ಸೆರಗಿನಿಂದ ಕಣ್ಣೊರೆಸಿಕೊಂಡರು. "ನೇಮ ಬಿಟ್ಟೆ. ಬಿಟ್ಟವಳಿಗೂ ದೇವರು ಕೊಟ್ಟ. ಯಾರಿಗೂ ಹೇಳಲಿಲ್ಲ. ನಾನು ಬಿಟ್ಟದ್ದನ್ನ ನೀನಾದರೂ ಪೂರ್ತಿ ಮಾಡು ಅಂತ…"

ಹೇಳುತ್ತಿದ್ದುದರ ಅರ್ಥ ಅವರಿಗೇ ಹೊಳೆದಿರಬೇಕು. ಒಂಬತ್ತು ವರ್ಷ ನೇಮ ಹಿಡಿದಾಗ ಬಾರದ ಮಗು, ಅದನ್ನು ಬಿಟ್ಟ ಮೇಲೆ ಬಂದಿತ್ತು. ನಾನು ವಿವರಿಸುವುದು ಏನೂ ಉಳಿದಿರಲಿಲ್ಲ.

"ನನ್ನ ಆ ವರ್ಷಗಳು" ಎಂದಷ್ಟೇ ಅಂದರು. ಹರಿಣಿ ಅವರ ಕೈ ಹಿಡಿದುಕೊಂಡಳು.

ಇಂಥ ನೇಮಗಳು ಇನ್ನೆಷ್ಟು ಮನೆಗಳಲ್ಲಿವೆಯೋ ನನಗೆ ತಿಳಿಯದು. ಪ್ರತಿ ತಿಂಗಳೂ ತನ್ನ ಮೈ ಏನು ಹೇಳುತ್ತದೆಂದು ಹೆಣ್ಣುಮಗುವಿಗೆ ನಾವು ಕಲಿಸುವುದಿಲ್ಲ. ನಾಚಬೇಕೆಂದು ಮಾತ್ರ ಕಲಿಸುತ್ತೇವೆ. ಲೋಳೆ ಕಂಡರೆ ಕಾಯಿಲೆ ಎನ್ನುತ್ತೇವೆ, ಮಗು ಬಾರದಿದ್ದರೆ ಅವಳನ್ನೇ ಬಂಜೆ ಎನ್ನುತ್ತೇವೆ. ಓದುವ ತಾಯಂದಿರು ಇದನ್ನು ಮಗಳಿಗೂ ಸೊಸೆಗೂ ಅಡುಗೆಮನೆಯ ಮಾತಿನಷ್ಟೇ ಸಲೀಸಾಗಿ ಹೇಳಲಿ.

ಮರುದಿನ ಭಾನುವಾರ. ತರಕಾರಿ ಗಾಡಿ ಬಂದಾಗ ನಾನು ಬಾಲ್ಕನಿಯಲ್ಲಿದ್ದೆ. ಮೇಲಿನಿಂದ ಬುಟ್ಟಿ ನನ್ನ ಮುಖದ ಮುಂದೆಯೇ ಹಾದು ಇಳಿಯಿತು. ಗಾಡಿಯವನು ವಾಡಿಕೆಯಂತೆ ಸೋರೆಕಾಯಿಗೆ ಕೈಹಾಕಿದ.

"ಅದು ಬೇಡ, ಭಯ್ಯಾ. ಭಿಂಡಿ" ಎಂದರು ವಿಜಯಮ್ಮ, ಅರ್ಧ ಕನ್ನಡದಲ್ಲೇ. "ಎಳೇದು ನೋಡಿ ಹಾಕು."

ಅವನು ತಲೆಯೆತ್ತಿ ಒಮ್ಮೆ ಅವರನ್ನು ನೋಡಿದ. ಆಮೇಲೆ ಒಂದೊಂದರ ತುದಿ ಮುರಿದು ನೋಡಿ ಆರಿಸಿ, ತಕ್ಕಡಿಗೆ ಹಾಕಿ ತೂಗಿದ. ಅರ್ಧ ಕಿಲೋ.